ನಾಲಿಗೆ ತೋರಿಸು ಎಂದ ಮೇಷ್ಟ್ರು

ಕಳೆದ ನವೆಂಬರಿನಲ್ಲಿ ನಮ್ಮ ಕನ್ನಡ ಮೇಷ್ಟ್ರು ತೀರಿಹೋದರು. ಸುದ್ದಿ ಬಂದಾಗ ನಾನು ಕಚೇರಿಯಲ್ಲಿದ್ದೆ. ಮ್ಯುಟೇಷನ್ (ಜಮೀನಿನ ಖಾತೆ ಬದಲಾವಣೆ) ತಕರಾರಿನ ಎರಡೂ ಕಡೆಯವರು ಎದುರಿಗೆ ನಿಂತಿದ್ದರು. ನಮ್ಮ 1997ರ ಬ್ಯಾಚಿನ ವಾಟ್ಸಾಪ್ ಗುಂಪಿನಲ್ಲಿ ಯಾರೋ ಅವರ ಹಳೆಯ ಫೋಟೊ ಹಾಕಿದ್ದರು. ಬಿಳಿ ಅಂಗಿ, ಜೇಬಿನಲ್ಲಿ ಕೆಂಪು ಪೆನ್ನು, ಎಲೆಅಡಿಕೆ ಹಾಕಿ ಕೆಂಪಾದ ತುಟಿ. ನನಗೆ ಮುಂದೆ ಏನೂ ಕೇಳಿಸಲಿಲ್ಲ. ಬಂದವರಿಗೆ ಮುಂದಿನ ವಾರದ ದಿನಾಂಕ ಕೊಟ್ಟು ಕಳಿಸಿ, ಸ್ವಲ್ಪ ಹೊತ್ತು ಸುಮ್ಮನೆ ಕೂತೆ.

ಹೈಸ್ಕೂಲಿನ ಸಂಚಿಕೆಗೆ ಏನಾದರೂ ಬರೆದುಕೊಡಿ ಎಂದು ಶಾಲೆಯಿಂದ ಫೋನ್ ಬಂದಾಗ ಬೇರೆ ವಿಷಯ ತಲೆಗೆ ಬರಲೇ ಇಲ್ಲ. ಹೈಸ್ಕೂಲಿನಲ್ಲಿ ಓದಿದ್ದರಲ್ಲಿ ಮುಕ್ಕಾಲು ಪಾಲು ಮರೆತಿದ್ದೇನೆ. ತ್ರಿಕೋನದ ಪ್ರಮೇಯಗಳು ಎಲ್ಲಿ ಹೋದವೋ ಗೊತ್ತಿಲ್ಲ. ಆದರೆ ಎಂಟನೇ ಕ್ಲಾಸಿಗೆ ಸೇರಿದ ಆ ಒಂದು ತಿಂಗಳು, 1994ರ ಜೂನ್, ಒಂದು ದಿನವೂ ಬಿಡದ ಹಾಗೆ ನೆನಪಿದೆ.

ನಮ್ಮದು ಸಾಗರದಿಂದ ಇಕ್ಕೇರಿಗೆ ಹೋಗುವ ದಾರಿಯಲ್ಲಿ ಒಂದು ಹಳ್ಳಿ. ಅಪ್ಪನಿಗೆ ಎರಡು ಎಕರೆ ಅಡಿಕೆ ತೋಟ. ಊರಿನ ಶಾಲೆ ಏಳನೇ ಕ್ಲಾಸಿಗೆ ಮುಗಿಯುತ್ತಿತ್ತು. ಆಗ ಏಳನೇ ಕ್ಲಾಸಿಗೆ ಪಬ್ಲಿಕ್ ಪರೀಕ್ಷೆ ಇತ್ತಲ್ವಾ, ಅದು ಪಾಸಾದ ಮೇಲೆ ಟಿ.ಸಿ., ಮಾರ್ಕ್ಸ್ ಕಾರ್ಡ್ ಹಿಡಿದು ಅಪ್ಪನ ಹಿಂದೆ ಪೇಟೆಯ ಹೈಸ್ಕೂಲಿಗೆ ಬಂದೆ. ಮಳೆ ಹೊಯ್ಯುತ್ತಿತ್ತು. ಶಾಲೆಯ ಉದ್ದನೆಯ ಜಗಲಿಯ ತುಂಬ ಒದ್ದೆ ಕೊಡೆಗಳು. ಆ ಸಾಲಿನ ಕೊನೆಯಲ್ಲಿ ಒಂದು ಮೇಜು, ಮೇಜಿನ ಹಿಂದೆ ಕನ್ನಡ ಮೇಷ್ಟ್ರು. ಎಂಟನೇ ಕ್ಲಾಸಿನ ಸೇರ್ಪಡೆ ಪ್ರತಿ ವರ್ಷವೂ ಅವರ ಕೈಯಲ್ಲೇ.

ಅರ್ಜಿಯಲ್ಲಿ ಪ್ರಥಮ ಭಾಷೆ ಎಂಬ ಜಾಗ ಬಂತು. ಅಪ್ಪ ಯೋಚನೆಯೇ ಮಾಡದೆ "ಸಂಸ್ಕೃತ" ಎಂದರು. ಸೋದರತ್ತೆಯ ಮಗ ಹಿಂದಿನ ವರ್ಷ ಸಂಸ್ಕೃತದಲ್ಲಿ 125ಕ್ಕೆ 119 ತೆಗೆದಿದ್ದ. ಅದು ನಮ್ಮ ಮನೆಯಲ್ಲಿ ವರ್ಷವಿಡೀ ನಡೆದ ಮಾತು. ಮೇಷ್ಟ್ರು ಬರೆದುಕೊಂಡರು. ಬರೆದುಕೊಂಡು ತಲೆ ಎತ್ತಿ ನನ್ನನ್ನು ನೋಡಿ, "ನಿಂಗೆ ಯಾವುದು ಬೇಕು?" ಎಂದು ಕೇಳಿದರು. ಹಿಂದೆ ಸಾಲು ಉದ್ದ ಇತ್ತು. ನಾನು ಅಪ್ಪನ ಮುಖ ನೋಡಿದೆ. ಬಾಯಿಂದ ಮಾತು ಹೊರಡಲಿಲ್ಲ. "ಆಯ್ತು, ಆಮೇಲೆ ಹೇಳು" ಎಂದು ಮೇಷ್ಟ್ರು ನನ್ನ ಹೆಸರಿನ ಪಕ್ಕ ಪೆನ್ಸಿಲಿನಲ್ಲಿ ಒಂದು ಸಣ್ಣ ಚುಕ್ಕೆ ಇಟ್ಟರು.

ಆ ಚುಕ್ಕೆ ಯಾಕೆ ಅಂತ ನನಗೆ ಆಗ ಗೊತ್ತಾಗಲಿಲ್ಲ.

ಮೊದಲ ದಿನದ ಮೊದಲ ಪಿರಿಯಡ್ಡಿನಲ್ಲಿ ಅವರು ಪಾಠ ಮಾಡಲಿಲ್ಲ. ಬೋರ್ಡಿನ ಮೇಲೆ ದೊಡ್ಡದಾಗಿ 625 ಎಂದು ಬರೆದರು. "ಮೂರು ವರ್ಷ ಆದಮೇಲೆ ಎಸ್ಸೆಸ್ಸೆಲ್ಸಿಯಲ್ಲಿ ನಿಮ್ಮನ್ನು ಇಷ್ಟಕ್ಕೆ ಅಳೀತಾರೆ. ಇದು ಎಲ್ಲಿಂದ ಬಂತು ಗೊತ್ತಿರಲಿ" ಎಂದರು. ಪ್ರಥಮ ಭಾಷೆಗೆ 125. ಉಳಿದ ಐದಕ್ಕೂ ನೂರು ನೂರು. ಪಾಸಾಗಲು ನೂರಕ್ಕೆ 35. ಹಾಜರಿ ನೂರಕ್ಕೆ 75. ಕನ್ನಡ ಪ್ರಥಮ ಭಾಷೆಯಾದರೆ ಇಂಗ್ಲಿಷ್ ಎರಡನೆಯದು, ಹಿಂದಿ ಮೂರನೆಯದು. ಸಂಸ್ಕೃತ ಪ್ರಥಮ ಆದರೆ ಕನ್ನಡ ಮೂರನೆಯ ಜಾಗಕ್ಕೆ ಹೋಗುತ್ತದೆ, ಹಿಂದಿ ಇರುವುದಿಲ್ಲ. ಸಂಸ್ಕೃತದ ಪರೀಕ್ಷೆಯಲ್ಲಿ ಉತ್ತರವನ್ನು ಕನ್ನಡದಲ್ಲೋ ಇಂಗ್ಲಿಷಿನಲ್ಲೋ ಬರೆಯಬಹುದು, ಹಾಗಾಗಿ ಅಂಕ ಜಾಸ್ತಿ ಬರುತ್ತದೆ. "ಇದು ಸತ್ಯ. ನಾನು ಕನ್ನಡದ ಮೇಷ್ಟ್ರು ಅಂತ ಇದನ್ನು ಮುಚ್ಚಿಡಲ್ಲ" ಎಂದರು.

ಇದನ್ನು ಹೇಳಿದವರು ಯಾರು ಅಂತ ತಿಳಿದದ್ದು ಆಮೇಲೆ. ಹೈಸ್ಕೂಲಿನಲ್ಲಿ ಕನ್ನಡವೊಂದೇ ಪ್ರಥಮ ಭಾಷೆಯಾಗಬೇಕು, ಅದಕ್ಕೆ 150 ಅಂಕ ಇರಬೇಕು ಎಂದು ವಿ.ಕೃ. ಗೋಕಾಕರ ಸಮಿತಿ 1981ರ ಜನವರಿಯಲ್ಲಿ ವರದಿ ಕೊಟ್ಟಿತ್ತು. ಅದನ್ನು ಜಾರಿ ಮಾಡಿ ಎಂದು ದೊಡ್ಡ ಚಳವಳಿ ಆಯಿತು. 1982ರಲ್ಲಿ ರಾಜ್‌ಕುಮಾರ್ ಊರೂರು ಸುತ್ತಿದರು. ಆ ಮೆರವಣಿಗೆಗಳಲ್ಲಿ ಬೋರ್ಡು ಹಿಡಿದು ನಡೆದವರು ನಮ್ಮ ಮೇಷ್ಟ್ರು. ಅಂಥವರು ಹನ್ನೆರಡು ಹದಿಮೂರು ವರ್ಷದ ಮಕ್ಕಳ ಮುಂದೆ ನಿಂತು, ಸಂಸ್ಕೃತ ತಗೊಂಡರೆ ಏನು ಲಾಭ ಅಂತ ಬಿಡಿಸಿ ಹೇಳಿದರು. ನನಗೆ ಇವತ್ತಿಗೂ ಇದು ದೊಡ್ಡ ವಿಷಯ.

ಸಂಸ್ಕೃತ ಮೇಷ್ಟ್ರು ಬೇರೆಯೇ ತರಹ. ತುಂಬ ಮೆತ್ತಗಿನ ಜೀವ. ನಶ್ಯದ ಡಬ್ಬಿಯನ್ನು ಪಂಚೆಯ ಸೊಂಟದಲ್ಲಿ ಇಟ್ಟುಕೊಂಡು ಬರುತ್ತಿದ್ದರು. ಶ್ಲೋಕ ಹೇಳುವಾಗ ಕಣ್ಣು ಮುಚ್ಚುತ್ತಿದ್ದರು. ಕಣ್ಣು ಮುಚ್ಚಿದಾಗ ಹಿಂದಿನ ಬೆಂಚಿನವರು ಹೊರಗೆ ಹೋದರೂ ಗೊತ್ತಾಗುತ್ತಿರಲಿಲ್ಲ.

ನಮ್ಮ ತುಂಟತನಕ್ಕೆ ದಾರಿ ಆಗಿದ್ದೇ ಇದು. ಮೊದಲ ಎರಡು ವಾರ ಭಾಷೆ ಬದಲಾಯಿಸಿಕೊಳ್ಳಲು ಅವಕಾಶ ಇತ್ತು. ಮೂರನೇ ಪಿರಿಯಡ್ಡಿಗೆ ಸಂಸ್ಕೃತದವರು ಎದ್ದು ಲ್ಯಾಬಿನ ಪಕ್ಕದ ಕೋಣೆಗೆ ಹೋಗಬೇಕು, ಕನ್ನಡದವರು ಕೂತಲ್ಲೇ ಇರಬೇಕು. ಯಾರು ಎತ್ತ ಎಂಬ ಪಟ್ಟಿ ಇನ್ನೂ ಪಕ್ಕಾ ಆಗಿರಲಿಲ್ಲ. ನಾವು ಮೂವರು ಹುಡುಗಿಯರು ಕನ್ನಡ ಮೇಷ್ಟ್ರಿಗೆ "ನಾವು ಸಂಸ್ಕೃತ ಸಾರ್" ಎಂದೆವು. ಸಂಸ್ಕೃತ ಮೇಷ್ಟ್ರಿಗೆ "ನಾವು ಕನ್ನಡಕ್ಕೆ ಬದಲಾಯಿಸ್ಕೊಳ್ತಾ ಇದ್ದೀವಿ ಸಾರ್" ಎಂದೆವು. ಎರಡೂ ಕಡೆ ನಂಬಿದರು. ಆ ಮುಕ್ಕಾಲು ಗಂಟೆ ನಮ್ಮದಾಯಿತು.

ಶಾಲೆಯ ಹಿಂದೆ ಕಾನಿನ ಅಂಚಿಗೆ ಒಂದು ನೇರಳೆ ಮರ ಇತ್ತು. ಜೂನ್ ತಿಂಗಳು, ಹಣ್ಣು ಉದುರುವ ಕಾಲ. ಮಳೆಗೆ ತೊಳೆದು ಹೊಳೆಯುವ ಹಣ್ಣು ಒದ್ದೆ ಎಲೆಗಳ ಮೇಲೆ ಬಿದ್ದಿರುತ್ತಿತ್ತು. ಒಂದೇ ಕೊಡೆಯ ಕೆಳಗೆ ಮೂವರೂ ಕೂತು, ಲಂಗದ ಮಡಿಲಲ್ಲಿ ಹಣ್ಣು ತುಂಬಿಕೊಂಡು, ಬೀಜ ಯಾರು ದೂರ ಉಗುಳುತ್ತಾರೆ ಅಂತ ಪಂದ್ಯ. ಒಂಬತ್ತು ದಿನ ಹೀಗೆ ನಡೆಯಿತು. ಅದರಷ್ಟು ಸುಖದ ಒಂಬತ್ತು ದಿನಗಳು ನನ್ನ ಬದುಕಿನಲ್ಲಿ ಮತ್ತೆ ಬಂದಿದೆಯೋ ಇಲ್ಲವೋ.

ಹತ್ತನೇ ದಿನ ಸಮಾಜದ ಮೇಷ್ಟ್ರು ರಜೆ. ನಾಲ್ಕನೇ ಪಿರಿಯಡ್ಡಿಗೆ ಕನ್ನಡ ಮೇಷ್ಟ್ರೇ ಬಂದರು. "ಯಾರಾದ್ರೂ ಒಂದು ಪದ್ಯ ಓದಿ" ಎಂದು ಬೆರಳು ತೋರಿಸಿದ್ದು ನನ್ನ ಕಡೆಗೆ. ಎದ್ದು ನಿಂತು ಬಾಯಿ ತೆರೆದೆ. ಎರಡು ಸಾಲು ಆಗಿರಬಹುದು. ಅವರು ಕೈ ಎತ್ತಿ ನಿಲ್ಲಿಸಿದರು. ಹತ್ತಿರ ಬಂದರು.

"ನಾಲಿಗೆ ತೋರಿಸು."

ತೋರಿಸಿದೆ. ಶಾಯಿ ದೌತಿಗೆ ಅದ್ದಿದ ಹಾಗಿತ್ತು. ಪಕ್ಕದವಳಿಗೂ ತೋರಿಸಲು ಹೇಳಿದರು. ಆಮೇಲೆ ಮೂರನೆಯವಳಿಗೆ. ಕ್ಲಾಸಿಗೆ ಕ್ಲಾಸೇ ಉಸಿರು ಹಿಡಿದು ನೋಡುತ್ತಿತ್ತು.

"ಕನ್ನಡವೂ ಅಲ್ಲ, ಸಂಸ್ಕೃತವೂ ಅಲ್ಲ. ಈ ಮೂವರ ಪ್ರಥಮ ಭಾಷೆ ನೇರಳೆ" ಎಂದರು.

ಕ್ಲಾಸು ಬಿದ್ದು ಬಿದ್ದು ನಕ್ಕಿತು. ಕೋಲು ಬರುತ್ತದೆ ಅಂತ ಕಾದೆವು. ಬರಲಿಲ್ಲ. ಸಂಜೆ ಗಂಟೆ ಹೊಡೆದ ಮೇಲೆ ಮೂವರನ್ನೂ ಸ್ಟಾಫ್ ರೂಮಿನ ಬಾಗಿಲಲ್ಲಿ ಕೂರಿಸಿ ಒಂದು ಲೆಕ್ಕ ಕೊಟ್ಟರು. ವಾರಕ್ಕೆ ಕನ್ನಡದ ಪಿರಿಯಡ್ ಎಷ್ಟು, ವರ್ಷಕ್ಕೆ ಎಷ್ಟಾಯಿತು, ಅದರಲ್ಲಿ ನೂರಕ್ಕೆ 75 ಅಂದರೆ ಎಷ್ಟು, ಒಂಬತ್ತು ಹೋದರೆ ಇನ್ನೆಷ್ಟು ಕಳೆದುಕೊಳ್ಳಬಹುದು. ನಾವು ಅಳುತ್ತಾ ಲೆಕ್ಕ ಮಾಡಿದೆವು. ಜ್ವರ ಬಂದರೆ, ತೋಟದ ಕೊಯ್ಲಿಗೆ ಮನೆಯಲ್ಲಿ ಉಳಿದರೆ, ನೆಂಟರ ಮದುವೆಗೆ ಹೋದರೆ ಅಂತ ಅವರು ಒಂದೊಂದೇ ಕಳೆಯುತ್ತಾ ಹೋದರು. ನಿಯಮ ಅನ್ನುವುದು ನಮ್ಮ ಜೀವನಕ್ಕೆ ಎಲ್ಲಿ ಬಂದು ತಾಗುತ್ತದೆ ಅಂತ ನನಗೆ ಮೊದಲ ಸಲ ಅರ್ಥ ಆಗಿದ್ದು ಆ ಬಾಗಿಲಲ್ಲಿ.

ಲೆಕ್ಕ ಮುಗಿದ ಮೇಲೆ ರಿಜಿಸ್ಟರ್ ತೆಗೆದರು. ನನ್ನ ಹೆಸರಿನ ಪಕ್ಕದ ಪೆನ್ಸಿಲ್ ಚುಕ್ಕೆ ತೋರಿಸಿ, "ನೀನು ಆವತ್ತು ಉತ್ತರ ಹೇಳ್ಲಿಲ್ಲ. ಈಗ ಹೇಳು" ಎಂದರು. ಅಪ್ಪ ಇರಲಿಲ್ಲ. ಮೂಗು ಒರೆಸಿಕೊಂಡು "ಕನ್ನಡ" ಎಂದೆ. ಯಾಕೆ ಎಂದು ಕೇಳಿದರು. "ಓದಿದ್ರೆ ಖುಷಿ ಆಗತ್ತೆ" ಎಂದೆ. ಇನ್ನೇನು ಹೇಳುವುದಕ್ಕೂ ತೋಚಲಿಲ್ಲ. ಅವರಿಗೆ ಅಷ್ಟು ಸಾಕಾಯಿತು.

ಆ ಭಾನುವಾರ ಸೈಕಲ್ ತುಳಿದುಕೊಂಡು ನಮ್ಮ ಮನೆಗೆ ಬಂದರು. ಮಳೆಯಲ್ಲಿ, ಅಷ್ಟು ದೂರ. ಜಗಲಿಯಲ್ಲಿ ಕೂತು ಅಮ್ಮ ಕೊಟ್ಟ ಕಷಾಯ ಕುಡಿದರು. ನೇರಳೆಯ ಕಥೆ ಎತ್ತಲೇ ಇಲ್ಲ! ಅಪ್ಪ, "ಮಾರ್ಕ್ಸು ಮುಖ್ಯ ಅಲ್ವಾ ಮೇಷ್ಟ್ರೇ?" ಎಂದರು. "ಮುಖ್ಯವೇ. ಇಲ್ಲ ಅನ್ನಲ್ಲ. ಆದ್ರೆ ಮೂರು ವರ್ಷ ಕೂತು ಓದೋಳು ಅವಳು. ಒಂದು ಮಾತು ಅವಳನ್ನೇ ಕೇಳಿ" ಎಂದರು. ಅಪ್ಪ ತುಂಬ ಹೊತ್ತು ಮಾತಾಡಲಿಲ್ಲ. ಬಾಗಿಲ ಹಿಂದಿನಿಂದ ಅಮ್ಮ, "ಅವಳು ಹೇಳಿದ ಹಾಗೇ ಆಗಲಿ ಬಿಡಿ" ಎಂದಳು. ಅಮ್ಮ ಹಾಗೆ ಹೊರಗಿನವರ ಎದುರು ಮಾತಾಡಿದ್ದನ್ನು ನಾನು ಮೊದಲು ಕಂಡಿರಲಿಲ್ಲ.

ಸೋಮವಾರ ಅಪ್ಪ ಶಾಲೆಗೆ ಬಂದು ಸಹಿ ಹಾಕಿದರು. ಮೇಷ್ಟ್ರು ಪೆನ್ನನ್ನು ನನ್ನ ಕಡೆ ಚಾಚಿ, "ನೀನೂ ಹಾಕು" ಎಂದರು. ಮಕ್ಕಳ ಸಹಿಗೆ ಅಲ್ಲಿ ಜಾಗ ಇರಲಿಲ್ಲ. ಅಪ್ಪನ ಸಹಿಯ ಕೆಳಗೆ, ಗೆರೆಯ ಹೊರಗೆ ಹಾಕಿದೆ. ಅದು ನನ್ನ ಜೀವನದ ಮೊದಲ ಸಹಿ. ಈಗ ದಿನಕ್ಕೆ ನೂರು ಹಾಕುತ್ತೇನೆ.

ಸಂಸ್ಕೃತ ಮೇಷ್ಟ್ರಿಗೆ ಬೇಸರ ಆಗಿದೆಯೇನೋ ಅಂತ ಹೆದರಿ ಹೋಗಿ ಹೇಳಿದೆ. ಅವರು ನಶ್ಯದ ಬೆರಳನ್ನು ಒರೆಸಿಕೊಂಡು, "ಶನಿವಾರ ಸುಭಾಷಿತ ಹೇಳ್ತೀನಿ, ಪುರುಸೊತ್ತಾದ್ರೆ ಬಾ" ಎಂದರು ಅಷ್ಟೇ. ಮೂರು ವರ್ಷವೂ ಹೋದೆ.

ಕನ್ನಡ ಮೇಷ್ಟ್ರ ಪಾಠದಲ್ಲಿ ಒಂದನ್ನಾದರೂ ಹೇಳಲೇಬೇಕು. ಛಂದಸ್ಸು ಅಂದರೆ ಎಲ್ಲರಿಗೂ ತಲೆನೋವು. ಅವರು ಜೇಬಿನಿಂದ ಅಡಿಕೆ ತೆಗೆದು ಮೇಜಿನ ಮೇಲೆ ಸಾಲಾಗಿ ಇಟ್ಟರು. ಇಡೀ ಅಡಿಕೆ ಗುರು, ಎರಡು ಮಾತ್ರೆ. ಅಡಕತ್ತರಿಯಿಂದ ಕತ್ತರಿಸಿದ ಹೋಳು ಲಘು, ಒಂದು ಮಾತ್ರೆ. ಭಾಮಿನಿ ಷಟ್ಪದಿಯ ಮೂರು ನಾಲ್ಕು, ಮೂರು ನಾಲ್ಕು ಅಂತ ಗುಂಪು ಮಾಡಿ ಜೋಡಿಸಲು ನಮ್ಮನ್ನೇ ಕರೆದರು. ಅಡಿಕೆ ಸುಲಿಯುವ ಮನೆಗಳ ಮಕ್ಕಳು ನಾವು. ಅರ್ಧ ಗಂಟೆಯಲ್ಲಿ ಎಲ್ಲರಿಗೂ ಬಂತು. ಪಿರಿಯಡ್ ಮುಗಿದಾಗ ಒಂದು ಗುರುವನ್ನು ಬಾಯಿಗೆ ಹಾಕಿಕೊಂಡು ಹೊರಟರು.

1997ರಲ್ಲಿ ನನಗೆ ಕನ್ನಡದಲ್ಲಿ 118 ಬಂತು. ಸೋದರತ್ತೆಯ ಮಗನ ಸಂಸ್ಕೃತಕ್ಕಿಂತ ಒಂದೇ ಅಂಕ ಕಡಿಮೆ. ಅಪ್ಪ ಆ ಮಾರ್ಕ್ಸ್ ಕಾರ್ಡನ್ನು ಊರಲ್ಲಿ ತೋರಿಸದ ಮನೆಯಿಲ್ಲ. ಮುಂದೆ ಕೆಎಎಸ್ ಮುಖ್ಯ ಪರೀಕ್ಷೆಯನ್ನು ಕನ್ನಡದಲ್ಲೇ ಬರೆದು ಪಾಸಾದೆ. ಈಗ ತಹಸೀಲ್ದಾರ್ ಆಗಿದ್ದೇನೆ. ನನ್ನ ಆದೇಶಗಳನ್ನು ನಾನೇ ಬರೆಯುತ್ತೇನೆ, ಸಣ್ಣ ಸಣ್ಣ ವಾಕ್ಯದಲ್ಲಿ. "ಅಮ್ಮಾ, ನೀವು ಬರೆದಿದ್ದು ವಕೀಲರನ್ನು ಕೇಳದೇ ಅರ್ಥ ಆಯ್ತು" ಎಂದು ಒಬ್ಬ ವಯಸ್ಸಾದ ರೈತರು ಹೇಳಿದ್ದರು. ಮರುದಿನವೇ ಮೇಷ್ಟ್ರಿಗೆ ಫೋನ್ ಮಾಡಿ ಹೇಳಿದ್ದೆ. ಅವರು ಆ ಕಡೆಯಿಂದ ಏನೂ ಅನ್ನಲಿಲ್ಲ. ಗಂಟಲು ಸರಿ ಮಾಡಿಕೊಂಡ ಸದ್ದು ಮಾತ್ರ ಕೇಳಿಸಿತು.

ಈ ಜೂನಿನಲ್ಲಿ ನನ್ನ ಮಗಳು ಎಂಟನೇ ಕ್ಲಾಸಿಗೆ ಬಂದಳು. ಬೆಂಗಳೂರಿನ ಒಂದು ಶಾಲೆ. ಪ್ರಥಮ ಭಾಷೆಗೆ ಈಗಲೂ 125, ಅದರಲ್ಲಿ 25 ಆಂತರಿಕ ಅಂಕ. ಎಸ್ಸೆಸ್ಸೆಲ್ಸಿಗೆ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆ ಬಂದಿದೆ, ಅದು ಒಳ್ಳೆಯದೇ. ನಮ್ಮ ಕಾಲದಲ್ಲಿ ಒಂದು ಸಲ ಎಡವಿದ ಹುಡುಗಿಯರನ್ನು ಎಷ್ಟೋ ಮನೆಗಳಲ್ಲಿ ಮದುವೆ ಮಾಡಿ ಕಳಿಸಿಬಿಡುತ್ತಿದ್ದರು.

ಆದರೆ ಸೇರ್ಪಡೆಯ ದಿನ ನನಗೆ ಹೊಟ್ಟೆ ಉರಿಯಿತು. ಎಸಿ ಕೋಣೆ, ಮುಂದೆ ಕಂಪ್ಯೂಟರ್. ಅಲ್ಲಿದ್ದವರು ಯಾವ ಭಾಷೆ ಸ್ಕೋರಿಂಗ್, ಯಾವ ಫೌಂಡೇಶನ್ ಕೋಚಿಂಗಿಗೆ ಎಷ್ಟು ಫೀಸು ಎಂದು ಹತ್ತು ನಿಮಿಷ ಹೇಳಿದರು. ಎಲ್ಲವನ್ನೂ ನನಗೇ ಹೇಳಿದರು. ಮಗಳು ಪಕ್ಕದ ಕುರ್ಚಿಯಲ್ಲಿ ಬ್ಯಾಗು ಮಡಿಲಲ್ಲಿ ಇಟ್ಟುಕೊಂಡು ಕೂತಿದ್ದಳು. ಅವಳ ಹೆಸರನ್ನು ಬಿಟ್ಟು ಇನ್ನೊಂದು ಪ್ರಶ್ನೆ ಅವಳಿಗೆ ಬರಲಿಲ್ಲ. ಇಷ್ಟು ದುಡ್ಡು ತಗೊಳ್ಳುವ ಶಾಲೆಗೆ ಒಂದು ಮಗುವನ್ನು ಮಾತಾಡಿಸುವಷ್ಟು ಪುರುಸೊತ್ತು ಇಲ್ಲ ಅಂದರೆ ಹೇಗೆ?

ನಾನೇ ಅವಳ ಕಡೆ ತಿರುಗಿ ಕೇಳಿದೆ. "ನಿಂಗೆ ಯಾವುದು ಬೇಕು?"

"ಸಂಸ್ಕೃತ" ಎಂದಳು.

ನನ್ನ ಎದೆ ಒಂದು ಕ್ಷಣ ಕುಸಿಯಿತು. ಕನ್ನಡ ಎನ್ನುತ್ತಾಳೆ ಅಂತಲೇ ಕಾದಿದ್ದೆ. ಯಾಕೆ ಎಂದೆ. "ಅಜ್ಜಿ ದಿನಾ ಹೇಳೋ ಶ್ಲೋಕ ಎಲ್ಲ ಬಾಯಿಗೆ ಬರತ್ತೆ ಅಮ್ಮ. ಅರ್ಥ ಮಾತ್ರ ಒಂದೂ ಗೊತ್ತಿಲ್ಲ. ಕನ್ನಡವೂ ಇದ್ದೇ ಇರತ್ತಲ್ಲ, ಅದನ್ನ ನೀನು ಹೇಳ್ಕೊಡು" ಎಂದಳು. ನನಗೆ ಮೇಷ್ಟ್ರ ಸೈಕಲ್ ನೆನಪಾಯಿತು, ಜಗಲಿಯಲ್ಲಿ ಮಾತಿಲ್ಲದೆ ಕೂತಿದ್ದ ಅಪ್ಪ ನೆನಪಾದರು.

ಮುದ್ರಣ ಮಾಡಿದ ಅರ್ಜಿಯನ್ನು ನನ್ನ ಮುಂದೆ ಸರಿಸಿದರು. ಸಹಿ ಹಾಕಿ ಪೆನ್ನನ್ನು ಮಗಳಿಗೆ ಕೊಟ್ಟೆ. "ಮಗುವಿನ ಸೈನ್ ಬೇಡ ಮೇಡಂ, ಅದಕ್ಕೆ ಜಾಗ ಇಲ್ಲ" ಎಂದರು.

"ಗೊತ್ತು" ಎಂದೆ. ಅವಳು ನನ್ನ ಸಹಿಯ ಕೆಳಗೆ, ಗೆರೆಯ ಹೊರಗೆ, ನಿಧಾನವಾಗಿ ತನ್ನ ಹೆಸರು ಬರೆದಳು.