ಲೆಡ್ ಜೆಪ್ಪೆಲಿನ್ ರಿಮಾಸ್ಟರ್ ಕೇಳಾಟ: ಆರು ಆಯ್ತು, ಮೂರು ಬಾಕಿ

ಬ್ರಿಟಿಷ್ ರಾಕ್ ಬ್ಯಾಂಡ್ ಲೆಡ್ ಜೆಪ್ಪೆಲಿನ್‌ದು ಒಂಬತ್ತು ಸ್ಟುಡಿಯೋ ಆಲ್ಬಂ, ಬಂದ ಆರ್ಡರ್‌ನಲ್ಲೇ, ವಾರಕ್ಕೊಂದು, ಒಂದ್ ಹಾಡೂ ಸ್ಕಿಪ್ ಮಾಡಂಗಿಲ್ಲ ಅಂತ ರೂಲ್ ಹಾಕ್ಕೊಂಡು ಶುರು ಮಾಡಿದ್ದೆ. ಇಷ್ಟು ವರ್ಷ ಇವರದ್ದು ಅಂತ ನಂಗೆ ಗೊತ್ತಿದ್ದಿದ್ದು ಅದೇ ನಾಲ್ಕೈದು ಫೇಮಸ್ ಹಾಡು, ಅದೂ ಯಾರೋ ಕಾಪಿ ಮಾಡ್ಕೊಟ್ಟಿದ್ದ ಹಳೇ ಎಂಪಿ3. ಈಗ ಕೇಳ್ತಿರೋದು ಬ್ಯಾಂಡಿನ ಗಿಟಾರಿಸ್ಟ್ ಜಿಮ್ಮಿ ಪೇಜ್ ಖುದ್ದಾಗಿ ಕೂತು ಮಾಡಿಸಿದ 2014-15ರ ರಿಮಾಸ್ಟರ್‌ಗಳು.

ಮೊದಲನೇದು 1969ರದ್ದು, ಸುಮಾರು 36 ಗಂಟೆ ಸ್ಟುಡಿಯೋ ಟೈಮಲ್ಲಿ ಮುಗಿಸಿದ್ರಂತೆ, ಬಿಲ್ ಕಟ್ಟಿದ್ದು ತಾನೇ ಆದ್ರಿಂದ ಪೇಜ್‌ಗೆ ಲೆಕ್ಕ ಚೆನ್ನಾಗಿ ನೆನಪಿದೆ! ಆ ವಾರ ನಾನು ಹಳೇ ಫೈಲ್ ಪಕ್ಕ ಹೊಸದು ಇಟ್ಟು ಕೇಳಿ ಪುಟಗಟ್ಟಲೆ ಬರೆದಿದ್ದೆ, ಆಮೇಲೆ ನೋಡಿದ್ರೆ ಎರಡರ ವಾಲ್ಯೂಮೇ ಬೇರೆ ಬೇರೆ. ಸೌಂಡ್ ಒಂಚೂರು ಜಾಸ್ತಿ ಇದ್ರೆ ಸಾಕು, ಕಿವಿ ಅದೇ ಚೆನ್ನಾಗಿದೆ ಅನ್ನತ್ತೆ. ಪುಟ ಹರಿದು ಹಾಕಿ, ಲೆವೆಲ್ ಸಮ ಮಾಡ್ಕೊಂಡು ಮತ್ತೆ ಮೊದಲಿಂದ.

ಎರಡನೇದ್ರಲ್ಲಿ ಇನ್ನೂ ದೊಡ್ಡ ಎಡವಟ್ಟು. ಕೇಳ್ತಾ ಕೇಳ್ತಾ ಹಾಡೋ ರೀತಿನೇ ಬೇರೆ ಆಗೋಯ್ತು, ಗಿಟಾರ್ ಎಲ್ಲೋ ಕಾಣೆ, ಅಬ್ಬಾ ರಿಮಾಸ್ಟರ್ ಅಂದ್ರೆ ಹಿಂಗಿರತ್ತಾ ಅಂತ ಫ್ರೆಂಡ್‌ಗೆ ಮೆಸೇಜೂ ಹಾಕ್ಬಿಟ್ಟೆ. ನಾನು ಕೇಳ್ತಿದ್ದಿದ್ದು ಆಲ್ಬಂ ಮುಗಿದ ಮೇಲೆ ಬರೋ ಕಂಪ್ಯಾನಿಯನ್ ಡಿಸ್ಕು, ಅದರಲ್ಲಿರೋದು ಫೈನಲ್ ಆಗೋಕೆ ಮುಂಚಿನ ರಫ್ ಮಿಕ್ಸ್‌ಗಳು. ರಿಮಾಸ್ಟರ್ ಅಂದ್ರೆ ಮಿಕ್ಸ್ ಆಗಿ ಎರಡು ಚಾನೆಲ್‌ಗೆ ಇಳಿದ ಟೇಪನ್ನೇ ಇಟ್ಕೊಂಡು ಲೆವೆಲ್ಲು, ಬಾಸ್ಸು, ಟ್ರೆಬಲ್ಲು ಹದ ಮಾಡೋದು ಅಷ್ಟೇ, ಹಾಡಿದ್ದು ಬದಲಾಗಲ್ಲ ಮಾರಾಯ ಅಂತ ಅವನೇ ನಂಗೆ ಪಾಠ ಮಾಡ್ದ.

ಅಲ್ಲಿಂದ ನನ್ನ ಕೇಳೋ ರೀತಿ ಬದಲಾಯ್ತು. ಹೊಸದೇನು ಸೇರಿಸಿದಾರೆ ಅಂತ ಹುಡುಕೋದು ಬಿಟ್ಟು, ಟೇಪಲ್ಲಿ ಮೊದಲಿಂದ ಏನಿತ್ತು ಅಂತ ಹುಡುಕ್ತಿದೀನಿ. ಮೂರನೇ ಆಲ್ಬಂನ (1970) 'ಸಿನ್ಸ್ ಐವ್ ಬೀನ್ ಲವಿಂಗ್ ಯೂ'ಲಿ ಡ್ರಮ್ಮರ್ ಜಾನ್ ಬಾನಮ್ ಕಾಲಡಿಯ ಡ್ರಮ್ ಪೆಡಲ್ಲು ಕೀಚ್ ಕೀಚ್ ಅನ್ನತ್ತೆ, ಎಣ್ಣೆ ಕಾಣದ ಬಾಗಿಲ ಹಾಗೆ. ನನ್ನ ಎಂಪಿ3ಲಿ ಅದು ಇತ್ತೋ ಇಲ್ವೋ, ಒಂದು ದಿನವೂ ಗಮನಿಸಿಲ್ಲ. ಈಗ ಒಂದ್ಸಲ ಕಿವಿಗೆ ಬಿತ್ತು ನೋಡಿ, ಹಾಡಿಗಿಂತ ಮೊದಲು ಅದೇ ಕೇಳತ್ತೆ.

ನಾಲ್ಕನೇದ್ರಲ್ಲೇ (1971) ಎರಡು ವಾರ ಸಿಕ್ಕಾಕ್ಕೊಂಡೆ, ರೂಲ್ ಮುರೀತು. ಕಾರಣ ಕೊನೇ ಹಾಡು 'ವೆನ್ ದ ಲೆವೀ ಬ್ರೇಕ್ಸ್'ನ ಡ್ರಮ್ಸ್. ಹೆಡ್ಲಿ ಗ್ರೇಂಜ್ ಅನ್ನೋ ಹಳೇ ಮನೇಲಿ, ಮೆಟ್ಟಿಲ ಕೆಳಗಿನ ಹಾಲಲ್ಲಿ ಡ್ರಮ್ಸ್ ಇಟ್ಟು, ಇಂಜಿನಿಯರ್ ಆಂಡಿ ಜಾನ್ಸ್ ಮೇಲಿಂದ ಬರೀ ಎರಡು ಮೈಕ್ ಇಳಿಬಿಟ್ಟು ಹಿಡಿದಿದ್ದು, ಜೊತೆಗೆ ಬಿನ್ಸನ್ ಎಕೋ ಮಷೀನ್. ಒಂದು ಏಟು ಬಿದ್ದ ಮೇಲೆ ಅದರ ಬಾಲ ಮೆಟ್ಟಿಲು ಹತ್ತಿ ಹೋಗೋದು ಹೆಡ್‌ಫೋನಲ್ಲಿ ಗೊತ್ತಾಗತ್ತೆ, ಹಳೇ ಫೈಲಲ್ಲಿ ಆ ಬಾಲನೇ ಕಟ್ ಆಗಿತ್ತು, ಬರೀ ಧಬ್ ಧಬ್. ಲೈಟ್ ಆಫ್ ಮಾಡ್ಕೊಂಡು ಶುರುವಿನ ಅರ್ಧ ನಿಮಿಷನೇ ಎಷ್ಟು ಸಲ ಹಾಕಿದೀನೋ ಲೆಕ್ಕ ಇಲ್ಲ.

ಐದನೇದು (1973) ಚೆನ್ನಾಗಿದೆ, ಬಾಸ್ ಗಿಟಾರಿಸ್ಟ್ ಜಾನ್ ಪಾಲ್ ಜೋನ್ಸ್‌ನ ಮೆಲ್ಲೊಟ್ರಾನ್ (ಒಂಥರಾ ಹಳೇ ಕೀಬೋರ್ಡ್) ಬಿಟ್ರೆ ನನ್ನ ನೋಟ್‌ಬುಕ್ಕಲ್ಲಿ ಜಾಸ್ತಿ ಏನಿಲ್ಲ.

'ಫಿಸಿಕಲ್ ಗ್ರಾಫಿಟಿ' (1975) ಡಬಲ್ ಆಲ್ಬಂ, 15 ಹಾಡು, ಒಂದಷ್ಟು ಹಿಂದಿನ ಸೆಷನ್‌ಗಳಲ್ಲಿ ಉಳಿದಿದ್ದವು. ಒಂದೇ ಕೂತಲ್ಲಿ ಕೇಳೋಕೆ ಹೋಗಿ ಸುಸ್ತಾಗಿ ಎರಡು ರಾತ್ರಿಗೆ ಹಂಚ್ಕೊಂಡೆ. 'ಬ್ಲ್ಯಾಕ್ ಕಂಟ್ರಿ ವುಮನ್' ಮನೆ ಹೊರಗೆ ಗಾರ್ಡನ್‌ನಲ್ಲಿ ರೆಕಾರ್ಡ್ ಮಾಡಿದ್ದು, ಶುರುವಲ್ಲೇ ಮೇಲೆ ಏರೋಪ್ಲೇನ್ ಹೋಗತ್ತೆ, ತೆಗೀಬೇಕಾ ಅಂದ್ರೆ ಹಾಡುಗಾರ ರಾಬರ್ಟ್ ಪ್ಲಾಂಟ್ ಬೇಡ ಇರ್ಲಿ ಅಂತಾನೆ, ಅದೂ ಹಾಡಲ್ಲೇ ಇದೆ. ರಿಮಾಸ್ಟರಲ್ಲೂ ಬಿಟ್ಟಿದಾರೆ, ಪುಣ್ಯ.

ಮುಂದಿಂದು 'ಪ್ರೆಸೆನ್ಸ್' (1976), ಇಡೀ ಆಲ್ಬಂಲಿ ಕೀಬೋರ್ಡೇ ಇಲ್ವಂತೆ. ಶನಿವಾರ ರಾತ್ರಿ ಕೂರ್ತೀನಿ. ಕಂಪ್ಯಾನಿಯನ್ ಡಿಸ್ಕ್ ಟ್ರ್ಯಾಕ್‌ಗಳನ್ನ ಈ ಸಲ ಮೊದಲೇ ಲಿಸ್ಟಿಂದ ತೆಗೆದಾಕಿದೀನಿ.