ಮೊದಲು ಬೆನ್ನುಚೀಲ, ಆಮೇಲೆ ಸೂಟ್‌ಕೇಸ್

ನಾಳಿದ್ದು ರಾತ್ರಿ ಹೊರಡಬೇಕು. ಸೂಟ್‌ಕೇಸ್ ಬಾಯಿ ತೆರೆದುಕೊಂಡು ಮಂಚದ ಮೇಲೆ ಬಿದ್ದಿದೆ. ಅಮ್ಮ ಒಂದೊಂದೇ ಬಟ್ಟೆ ಮಡಚಿ ಕೊಡುತ್ತಿದ್ದಾಳೆ. ನಾನು ಮಾತ್ರ ಬೆನ್ನುಚೀಲವನ್ನು ನಿನ್ನೆಯೇ ತುಂಬಿಸಿ ಮುಗಿಸಿದ್ದೇನೆ. ಸ್ನಾತಕೋತ್ತರ ಪದವಿಗೆಂದು ಮೊದಲ ಸಲ ಹೊರದೇಶಕ್ಕೆ ಹೋದಾಗ ಸೂಟ್‌ಕೇಸಿಗೆ ವಾರಗಟ್ಟಲೆ ತಲೆ ಕೆಡಿಸಿಕೊಂಡು, ಕೊನೆಗೆ ಉಳಿದದ್ದನ್ನೆಲ್ಲ ಈ ಚೀಲಕ್ಕೆ ತುರುಕಿದ್ದೆ. ಈಗ ಪಿಎಚ್.ಡಿ.ಗೆ ಹೊರಟಿದ್ದೇನೆ, ಆ ತಪ್ಪನ್ನು ಮತ್ತೆ ಮಾಡಲಾರೆ.

ಆ ಸಲ ನಡುವೆ ವಿಮಾನ ಬದಲಿಸಲು ಸಿಕ್ಕಿದ್ದು ಐವತ್ತು ನಿಮಿಷ. ನಾನು ಓಡಿ ತಲುಪಿದೆ, ನನ್ನ ಪೆಟ್ಟಿಗೆ ತಲುಪಲಿಲ್ಲ. ಇಳಿದ ಮೇಲೆ ಬೆಲ್ಟ್ ನಿಲ್ಲುವವರೆಗೂ ಕಾದು ದೂರು ಕೊಡಲು ಹೋದರೆ, ಅಲ್ಲಿದ್ದವರು ಪೆಟ್ಟಿಗೆಯ ಬಣ್ಣ ಕೇಳಿದರು. ಕಪ್ಪು ಎಂದೆ. ಬಗೆಬಗೆಯ ಪೆಟ್ಟಿಗೆಗಳ ಚಿತ್ರವಿದ್ದ ಹಾಳೆಯನ್ನು ಮುಂದಿಟ್ಟು, ಇದರಲ್ಲಿ ಯಾವ ತರಹದ್ದು ಎಂದರು. ನಾನೇ ಆರಿಸಿ ತಂದಿದ್ದ ಪೆಟ್ಟಿಗೆ ಹೇಗಿತ್ತೆಂದು ನನಗೇ ನೆನಪಾಗಲಿಲ್ಲ. ಅದು ಕೈಸೇರಿದ್ದು ನಾಲ್ಕನೆಯ ದಿನ.

ಬಟ್ಟೆಯಿಲ್ಲದ್ದು ಅಷ್ಟು ಕಷ್ಟವಾಗಲಿಲ್ಲ. ಕಷ್ಟವಾಗಿದ್ದು ಕಣ್ಣಿಗೆ. ಪ್ರಯಾಣದಲ್ಲಿ ಕಾಂಟ್ಯಾಕ್ಟ್ ಲೆನ್ಸ್ ಹಾಕಿಕೊಂಡಿದ್ದೆ, ಕನ್ನಡಕ ಪೆಟ್ಟಿಗೆಯಲ್ಲಿತ್ತು. ಲೆನ್ಸ್ ತೊಳೆಯುವ ದ್ರಾವಣದ ಬಾಟಲಿಯೂ ಅಲ್ಲೇ. 100 ಮಿಲಿಲೀಟರ್‌ಗಿಂತ ದೊಡ್ಡದು, ಕೈಸಾಮಾನಿನಲ್ಲಿ ಬಿಡುವುದಿಲ್ಲವೆಂದು ಪೆಟ್ಟಿಗೆಗೆ ಹಾಕಿದ್ದೆ. ಆ ರಾತ್ರಿ ಯಾವ ಅಂಗಡಿ ಎಲ್ಲಿದೆಯೆಂದೂ ತಿಳಿಯದೆ, ಉರಿಯುವ ಕಣ್ಣಿನಲ್ಲೇ ಬೆಳಗು ಮಾಡಿದೆ. ಮರುದಿನ ನೋಂದಣಿಯ ಅರ್ಜಿಯನ್ನು ಒಂದು ಕಣ್ಣು ಮುಚ್ಚಿಕೊಂಡು ತುಂಬಿದೆ.

ಹಾಗಾಗಿ ಬೆನ್ನುಚೀಲಕ್ಕೆ ನಾನು ಇಟ್ಟುಕೊಂಡಿರುವ ಲೆಕ್ಕ ಒಂದೇ: ಪೆಟ್ಟಿಗೆ ಬಾರದಿದ್ದರೂ ಇದೊಂದರಲ್ಲೇ ಮೂರು ದಿನ ಬದುಕಬೇಕು. ಕನ್ನಡಕ, ಅದರ ನಂಬರ್ ಬರೆದ ಚೀಟಿ, 60 ಮಿಲಿಲೀಟರ್‌ನ ಪುಟ್ಟ ದ್ರಾವಣದ ಬಾಟಲಿ. ಎರಡು ಜೊತೆ ಒಳ ಉಡುಪು, ಒಂದು ಅಂಗಿ. ಪಾಸ್‌ಪೋರ್ಟ್, ಪ್ರವೇಶಪತ್ರ, ಅಂಕಪಟ್ಟಿಗಳ ಮೂಲಪ್ರತಿ. ಉಳಿಯುವ ಜಾಗದ ವಿಳಾಸವನ್ನು ಕಾಗದದಲ್ಲೂ ಬರೆದಿಟ್ಟಿದ್ದೇನೆ, ವಲಸೆ ಅಧಿಕಾರಿಯ ಮುಂದೆ ನಿಂತಾಗಲೇ ಮೊಬೈಲ್ ಸತ್ತರೆ ಬಾಯಿ ಕಟ್ಟಿಹೋಗುತ್ತದೆ. ಮಾತ್ರೆಗಳನ್ನು ಡಬ್ಬಿಗೆ ಸುರಿಯದೆ ಪಟ್ಟಿಯಲ್ಲೇ ಬಿಟ್ಟು, ಔಷಧದ ಮೂಲ ಹೆಸರನ್ನು ಬರೆದಿರುವ ವೈದ್ಯರ ಚೀಟಿಯನ್ನು ಸುತ್ತಿಟ್ಟಿದ್ದೇನೆ. ಮಾರಾಟದ ಹೆಸರು ದೇಶದಿಂದ ದೇಶಕ್ಕೆ ಬದಲಾಗುತ್ತದೆ, ಔಷಧದ ಹೆಸರು ಬಹುಮಟ್ಟಿಗೆ ಒಂದೇ.

ಪವರ್ ಬ್ಯಾಂಕ್ ಹೇಗಿದ್ದರೂ ಇಲ್ಲೇ ಇರಬೇಕು. ಲಿಥಿಯಂ ಬ್ಯಾಟರಿಗೆ ಬೆಂಕಿ ಹತ್ತಿದರೆ ಸಿಬ್ಬಂದಿ ಕೈಗೆ ಸಿಗುವಲ್ಲಿ ಇರಲೆಂದೇ ಅದನ್ನು ಸರಕಿನ ಕೋಣೆಗೆ ಬಿಡುವುದಿಲ್ಲ. ನನ್ನದು 20,000 ಮಿಲಿಆಂಪಿಯರ್-ಅವರ್, 3.7 ವೋಲ್ಟ್ ಲೆಕ್ಕದಲ್ಲಿ 74 ವಾಟ್-ಅವರ್ ಆಗುತ್ತದೆ, 100ರ ಮಿತಿಯೊಳಗೇ ಇದೆ.

ಸೂಟ್‌ಕೇಸಿಗೆ 23 ಕಿಲೋ. ಖಾಲಿ ಪೆಟ್ಟಿಗೆಯೇ ನಾಲ್ಕು ಕಿಲೋ ತೂಗಿತು. ಗಾಳಿ ಹೀರಿ ಬಟ್ಟೆಯನ್ನು ಚಪ್ಪಟೆ ಮಾಡುವ ಚೀಲವನ್ನು ಅಣ್ಣ ತಂದುಕೊಟ್ಟ. ಜಾಗವೇನೋ ಉಳಿಯಿತು, ಆ ಜಾಗಕ್ಕೆ ಇನ್ನಷ್ಟು ತುಂಬಿ ತಕ್ಕಡಿಗೆ ಸಿಕ್ಕಿಸಿದರೆ 26. ದಪ್ಪ ಕೋಟನ್ನು ಮೈಮೇಲೆ ಹಾಕಿಕೊಂಡೇ ಹೋಗುತ್ತೇನೆ, ಸೆಕೆಯಾದರೂ ಸರಿ. ಹೇರ್ ಡ್ರೈಯರ್ ಹೊರಗೆ ಬಂತು. ಲ್ಯಾಪ್‌ಟಾಪ್ ಚಾರ್ಜರ್ ಮೇಲೆ 100ರಿಂದ 240 ವೋಲ್ಟ್ ಎಂದಿದೆ, ಅದಕ್ಕೆ ಪ್ಲಗ್ಗಿನ ಅಡಾಪ್ಟರ್ ಸಾಕು. ಡ್ರೈಯರ್ ಮೇಲೆ ಬರೀ 230 ಎಂದಿದೆ. ನಾನು ಹೋಗುವಲ್ಲಿ 120 ವೋಲ್ಟ್, ಅದರ ಶಕ್ತಿಯಲ್ಲಿ ಹೆಚ್ಚುಕಡಿಮೆ ಕಾಲು ಭಾಗ ಮಾತ್ರ ಉಳಿಯುತ್ತದೆ.

ಪುಸ್ತಕಗಳನ್ನು ತೆಗೆಯುವಾಗ ಮನಸ್ಸು ಒಪ್ಪಲಿಲ್ಲ. ಮೂರನ್ನು ಎತ್ತಿ, ಪುಟ ತಿರುವಿ, ಮತ್ತೆ ಒಳಗಿಟ್ಟು, ಮತ್ತೆ ತೆಗೆದೆ. ಕೊನೆಗೆ ನನ್ನ ಟಿಪ್ಪಣಿಗಳು ಅಂಚಿನಲ್ಲಿರುವ ಒಂದನ್ನು ಮಾತ್ರ ಉಳಿಸಿಕೊಂಡೆ. ಉಳಿದವು ಅಲ್ಲಿನ ಗ್ರಂಥಾಲಯದಲ್ಲಿ ಸಿಗಬಹುದು, ನನ್ನ ಕೈಬರಹ ಸಿಗುವುದಿಲ್ಲ.

ಬೆನ್ನುಚೀಲದ ತಳದಲ್ಲಿ ಒಂದು ದಿಂಬಿನ ಹೊದಿಕೆ ಇದೆ. ನೀಲಿ ಬಣ್ಣದ್ದು, ತೊಳೆದೂ ತೊಳೆದೂ ಮಾಸಿ, ಒಂದು ಮೂಲೆಯಲ್ಲಿ ಹೊಲಿಗೆ ಬಿಟ್ಟಿದೆ. ಹೋದ ಸಲ ಮೊದಲ ರಾತ್ರಿ ಹಾಸ್ಟೆಲ್ ದಿಂಬಿನ ಅಪರಿಚಿತ ವಾಸನೆಗೆ ನಿದ್ದೆಯೇ ಬಂದಿರಲಿಲ್ಲ.

ಅಮ್ಮ ಅದನ್ನು ನೋಡಿ, "ಹರಿದುಹೋಗಿದೆಯಲ್ಲೇ, ಹೊಸದು ಕೊಡುತ್ತೇನೆ ಇರು" ಎಂದಳು.

"ಬೇಡಮ್ಮ, ಇದೇ ಇರಲಿ" ಎಂದೆ.

ಅವಳು ಏನೂ ಹೇಳಲಿಲ್ಲ. ಸೂಜಿದಾರ ತಂದು ಬಿಟ್ಟುಹೋದ ಮೂಲೆಯನ್ನು ಹೊಲಿದು, ನಾಲ್ಕು ಮಡಿಕೆ ಮಾಡಿ, ಮತ್ತೆ ಬೆನ್ನುಚೀಲದ ತಳಕ್ಕೇ ಇಟ್ಟಳು. ಸೂಟ್‌ಕೇಸನ್ನು ಎದುರಿನಿಂದ, ಪಕ್ಕದಿಂದ, ತೆರೆದಿಟ್ಟು ಮೂರು ಫೋಟೊ ತೆಗೆದುಕೊಂಡಿದ್ದೇನೆ. ತಕ್ಕಡಿ ಈಗ 22.6 ತೋರಿಸುತ್ತಿದೆ.