ಕಕ್ಕಡ 18ರ ನೇರಳೆ ಪಾಯಸ

ಆಗಸ್ಟ್ 3, ಅಂದ್ರೆ ನಮ್ಮ ಕೊಡಗಿನ ಮಳೆಗಾಲದ ತಿಂಗಳು ಕಕ್ಕಡದ 18ನೇ ದಿನ. ಆ ದಿನ ನಮ್ಮನೆ ಅಡುಗೆಮನೆ ಪೂರ್ತಿ ನೇರಳೆ ಬಣ್ಣ. ಮದ್ದು ಸೊಪ್ಪನ್ನು ನೀರಲ್ಲಿ ಕುದಿಸಿದರೆ ಬಿಡುವ ಬಣ್ಣ ಅದು, ಸೋಸಿದ ರಸಕ್ಕೆ ಅಕ್ಕಿ, ಬೆಲ್ಲ, ತೆಂಗಿನಹಾಲು ಹಾಕಿ ಅವ್ವ ಪಾಯಸ ಮಾಡುತ್ತಾರೆ. ಅಂದು ಆ ಸೊಪ್ಪಿನಲ್ಲಿ 18 ಬಗೆಯ ಮದ್ದು ಸೇರಿರುತ್ತದೆ ಅನ್ನೋದು ಹಿರಿಯರ ನಂಬಿಕೆ. ಎಣಿಸಿದವರು ಯಾರೋ! ತಿಂದ ಮೇಲೆ ಮೂತ್ರ ಕೆಂಪಗೆ ಹೋಗುವುದಂತೂ ನಿಜ. ಮೊದಲ ಸಲ ತಿಂದ ಬೆಂಗಳೂರಿನ ಗೆಳೆಯ ಹೆದರಿ ಬೆಳಿಗ್ಗೆ ಆರಕ್ಕೇ ಫೋನ್ ಮಾಡಿದ್ದ.

ಜಡಿಮಳೆಯ ಈ ತಿಂಗಳಲ್ಲಿ ಹಿತ್ತಲ ತರಕಾರಿ ಕೊಳೆತು ಹೋಗುತ್ತದೆ, ಅದೇ ಹೊತ್ತಿಗೆ ಕಣಿಲೆ (ಎಳೆ ಬಿದಿರ ಮೊಳಕೆ), ಅಣಬೆ, ಕೆಸದೆಲೆ, ಗದ್ದೆ ಏಡಿ ಎಲ್ಲಾ ಸಿಗುತ್ತವೆ. ಕಣಿಲೆಗೆ ಮಾತ್ರ ತಾಳ್ಮೆ ಬೇಕು. ಹಸಿ ಕಣಿಲೆಯಲ್ಲಿ ಸಯನೈಡ್ ಬಿಡುವ ವಿಷ ಇರುತ್ತದೆ, ಅದಕ್ಕೇ ತೆಳ್ಳಗೆ ಹೆಚ್ಚಿ, ಎರಡು ಮೂರು ದಿನ ನೆನೆಹಾಕಿ, ದಿನಾ ನೀರು ಬದಲಿಸಿ, ಆಮೇಲೆ ಚೆನ್ನಾಗಿ ಬೇಯಿಸಬೇಕು. ಆತುರ ಬೇಡ. ಕೆಸಕ್ಕೆ ಹುಳಿ ಕಡಿಮೆಯಾದರೆ ಗಂಟಲು ತುರಿಸುತ್ತದೆ, ಅಲ್ವಾ, ಹಾಗಾಗಿ ನಮ್ಮಲ್ಲಿ ಕಾಚಂಪುಳಿ ಅನ್ನೋ ಕಪ್ಪು ಹುಳಿರಸ ಸ್ವಲ್ಪ ಜಾಸ್ತಿಯೇ.

ಹೋದ ಜನವರಿಯಲ್ಲಿ ಆಸೆ ತಡೆಯದೆ ಡಬ್ಬಿ ಕಣಿಲೆ ತಂದು ಕರಿ ಮಾಡಿದೆ. ಜೊತೆಗಿದ್ದ ಕಡಂಬುಟ್ಟು (ಅಕ್ಕಿ ತರಿಯ ಉಂಡೆ) ಚೆನ್ನಾಗಿತ್ತು, ಕಣಿಲೆ ಥೇಟ್ ರಬ್ಬರು. ಫೋನಲ್ಲಿ ಹೇಳಿದರೆ ಅವ್ವ, "ಜನವರೀಲಿ ಯಾರಾದ್ರೂ ಕಣಿಲೆ ತಿಂತಾರಾ? ಸುಮ್ನೆ ಕಿತ್ತಳೆ ತಿನ್ನು" ಅಂದರು.